ಕಡಲಿಗೆ ನೊರೆ ಬಂದದ್ದು

ಲೋಕ ಹೊಸದಾಗಿದ್ದಾಗ, ಕಡಲಿನ ಉಪ್ಪು ಇನ್ನೂ ಪೂರ್ತಿ ಕರಗಿರದಿದ್ದಾಗ, ಅಲೆಗಳಿಗೆ ನೊರೆ ಇರಲಿಲ್ಲ. ಅಲೆ ಬರುತ್ತಿತ್ತು, ಮಗುಚುತ್ತಿತ್ತು, ಹೋಗುತ್ತಿತ್ತು. ಅಷ್ಟೇ. ನೋಡಲು ಬಲು ಸಪ್ಪೆ.

ಗಾಳಿಗೂ ಕಡಲಿಗೂ ಆಗ ಮಾತಿರಲಿಲ್ಲ. ಯಾವ ಜಗಳವೋ ಏನೋ, ಅವರಿಗೇ ಮರೆತುಹೋಗಿತ್ತು. ಆದರೂ ಮಾತಾಡುತ್ತಿರಲಿಲ್ಲ. ದೊಡ್ಡವರು ಹಾಗೆಯೇ, ನಿನಗೆ ಗೊತ್ತಲ್ಲ.

ಆ ಕಡಲ ದಂಡೆಯಲ್ಲಿ ಜಟ್ಟಕ್ಕ ಎಂಬ ಹೆಂಗಸು ಇದ್ದಳು. ಮರಳ ಮೇಲೆ ನಿಂತು ಗಾಳ ಎಸೆದು ಮೀನು ಹಿಡಿಯುವವಳು. ಅವಳ ಮಗಳು ತುಳಸು ಆಗಷ್ಟೇ ಹೆತ್ತು ಗುಡಿಸಲಲ್ಲಿ ಮಲಗಿದ್ದಳು. ಎದೆಯಲ್ಲಿ ಹಾಲಿಲ್ಲ. ಕೂಸು ಅತ್ತೂ ಅತ್ತೂ ಅದರ ದನಿ ಸಣ್ಣಗಾಗುತ್ತಿತ್ತು. ಬಾಣಂತಿಗೆ ಕಾಣೆ ಮೀನಿನ ತಿಳಿಸಾರು ಕುಡಿಸಿದರೆ ಹಾಲು ಇಳಿಯುತ್ತದೆ ಎಂದು ದಂಡೆಯವರ ನಂಬಿಕೆ. ಕಾಣೆಗಳೋ, ಅಲೆ ಮಗುಚುವ ಗೆರೆಯ ಆಚೆ ಹಾಯಾಗಿ ಈಜಿಕೊಂಡಿದ್ದವು.

ಜಟ್ಟಕ್ಕ ಗಾಳಕ್ಕೆ ಸಿಗಡಿ ಚುಚ್ಚಿ ಎಸೆದಳು. ಹಗುರ ಗಾಳ, ಕಾಲ ಬಳಿಯೇ ಬಿತ್ತು. ಕಲ್ಲು ಕಟ್ಟಿ ಎಸೆದಳು. ದೂರ ಹೋಯಿತು ನಿಜ, ಆದರೆ ಮುಳುಗಿ ಮರಳಲ್ಲಿ ಹೂತುಕೊಂಡಿತು. ಏಡಿಗಳು ಸಿಗಡಿ ತಿಂದು ಮೀಸೆ ಒರೆಸಿಕೊಂಡವು.

"ಏ ಗಾಳಿ, ಎಂತಾದ್ರೂ ಮಾಡಾ! ಮನೇಲಿ ಕೂಸು ಅಳ್ತದೆ," ಎಂದಳು ಜಟ್ಟಕ್ಕ.

ಗಾಳಿ ತನ್ನ ಉಸಿರು ತುಂಬಿ ಒಂದು ಗುಳ್ಳೆ ಊದಿಕೊಟ್ಟಿತು. ದಾರಕ್ಕೆ ಕಟ್ಟಿ ಬೀಸಿದರೆ, ಅದು ಹಾರಿ ತಿರುಗಿ ಬಂದು ಅವಳ ಮೂಗಿಗೇ ಬಡಿಯಿತು.

"ಏ ಕಡಲೇ, ನೀನಾದ್ರೂ ಎಂತಾದ್ರೂ ಮಾಡಾ! ಮನೇಲಿ ಕೂಸು ಅಳ್ತದೆ."

ಕಡಲು ಅಂಚಿನ ತನಕ ನೀರು ತುಂಬಿದ ಗುಳ್ಳೆ ಕೊಟ್ಟಿತು. ಅದು ದೂರ ಹೋಯಿತು, ಗುಳುಂ ಎಂದು ಮುಳುಗಿತು. ಏಡಿಗಳು ಮತ್ತೆ ಮೀಸೆ ಒರೆಸಿಕೊಂಡವು.

"ನೀರು ಅಂದ್ಮೇಲೆ ಮುಳುಗ್ತದೆ. ನಾನೆಂತ ಮಾಡೂದು?" ಎಂದಿತು ಕಡಲು.

ಅಷ್ಟರಲ್ಲಿ ಗುಡಿಸಲಿನಿಂದ ಕೇಳುತ್ತಿದ್ದ ಅಳು ನಿಂತುಹೋಯಿತು. ಅಳಲೂ ಶಕ್ತಿ ಉಳಿದಿರಲಿಲ್ಲ ಪಾಪ, ಆ ಕೂಸಿಗೆ. ಜಟ್ಟಕ್ಕ ಗುಡಿಸಲಿನ ಕಡೆ ತಿರುಗಿ ನೋಡಿದಳು. ಭಯದ ಜೊತೆಗೇ ಸಿಟ್ಟೂ ನೆತ್ತಿಗೇರಿತು.

"ಇಷ್ಟು ದೊಡ್ಡವರಾಗಿ ಮೂತಿ ತಿರುಗಿಸ್ಕಂಡು ಕೂತೀರಲ್ಲ, ನಾಚಿಕೆ ಆಗೂದಿಲ್ವಾ? ಅರ್ಧ ನೀನು ಕೊಡು, ಅರ್ಧ ನೀನು ಕೊಡು. ಒಂದೇ ಗುಳ್ಳೆಗೆ! ಆಮೇಲೆ ಬೇಕಾದ್ರೆ ಮತ್ತೆ ಮಾತು ಬಿಡಿ!"

ಇಬ್ಬರಿಗೂ ನಾಚಿಕೆಯಾಯಿತು. ಕಡಲು ಗುಳ್ಳೆಗೆ ಅರ್ಧ ನೀರು ಸುರಿಯಿತು. ಉಳಿದರ್ಧಕ್ಕೆ ಗಾಳಿ ಉಸಿರು ತುಂಬಿತು. ಜಟ್ಟಕ್ಕ ಸೊಂಟಕ್ಕೆ ಸೆರಗು ಬಿಗಿದು ಬೀಸಿ ಎಸೆದಳು. ನೀರಿನ ಭಾರಕ್ಕೆ ಗುಳ್ಳೆ ದೂರ ಹೋಯಿತು, ಉಸಿರಿನ ಬಲಕ್ಕೆ ಮುಳುಗದೆ ತೇಲಿತು. ಅಲೆ ಮಗುಚುವ ಗೆರೆಯ ಆಚೆ ಒಂದು ಕಾಣೆ ಬಂತು, ಮೂಸಿತು, ಗಾಳವನ್ನು ಗಬಕ್ಕನೆ ನುಂಗಿತು.

ಸಾರು ಕುದಿಯಿತು, ತುಳಸು ಬಿಸಿಬಿಸಿ ಕುಡಿದಳು. ಸಂಜೆಯ ಹೊತ್ತಿಗೆ ಹಾಲು ಇಳಿಯಿತು. ಕೂಸು ಚಪಚಪ ಸದ್ದು ಮಾಡುತ್ತಾ ಕುಡಿಯತೊಡಗಿತು. ಆ ಸದ್ದು ಕೇಳಲು ಗಾಳಿ ಬೀಸುವುದನ್ನೇ ನಿಲ್ಲಿಸಿತು, ಕಡಲು ಉರುಳುವುದನ್ನೇ ನಿಲ್ಲಿಸಿತು. ಇಬ್ಬರಿಗೂ ಎಷ್ಟು ಖುಷಿಯಾಯಿತೆಂದರೆ, ಹೇಳಲಾಗದು.

"ಇನ್ನೊಂದು ಗುಳ್ಳೆ ಮಾಡ್ವನಾ?" ಎಂದಿತು ಕಡಲು, ಮೆಲ್ಲಗೆ.

"ಒಂದೇ ಎಂತಕೆ? ಬೇಕಾದಷ್ಟು ಮಾಡ್ವ," ಎಂದಿತು ಗಾಳಿ.

ಅದಕ್ಕೇ ನೋಡು ಮಗಾ, ಇವತ್ತಿಗೂ ಪ್ರತಿ ಅಲೆ ಬೆಳ್ಳನೆಯ ಗುಳ್ಳೆಗಳನ್ನು ಹೊತ್ತು ಓಡೋಡಿ ಬಂದು, ನಿನ್ನ ಕಾಲಬೆರಳ ಬಳಿ ಒಂದು ಗಳಿಗೆ ನಿಂತು, ಯಾರ ಮನೆಯಲ್ಲಾದರೂ ಕೂಸು ಹಸಿದಿದೆಯೇ ಎಂದು ಕೇಳುತ್ತದೆ. ಯಾರೂ ಕೈ ಚಾಚದಿದ್ದರೆ ಗುಳ್ಳೆ ಒಡೆದು, ಗಾಳಿ ತನ್ನ ಅರ್ಧವನ್ನೂ ಕಡಲು ತನ್ನ ಅರ್ಧವನ್ನೂ ಎತ್ತಿಕೊಂಡು ವಾಪಸು ಹೋಗುತ್ತವೆ.