ಓಗೊಟ್ಟ ಬಾಗಿಲು

ಚೀನಾದ ದಕ್ಷಿಣದ ಅಂಚಿನಲ್ಲಿ, ಲಾನ್‌ಚಾಂಗ್ ನದಿಯ ಕಣಿವೆಯಲ್ಲಿ, ಬಾನ್ ನಾಮ್‌ಲಾ ಎಂಬ ದಾಯ್ ಜನರ ಊರಿದೆ. ಕಂಬಗಳ ಮೇಲೆ ನಿಂತ ಬಿದಿರಿನ ಮನೆಗಳು, ಸುತ್ತ ಭತ್ತದ ಗದ್ದೆ, ನಾಲ್ಕು ದಿಕ್ಕಿಗೆ ನಾಲ್ಕು ಊರಬಾಗಿಲು. ಬಾಗಿಲೆಂದರೆ ಕದವೇನಿಲ್ಲ, ಎರಡು ಮರದ ಕಂಬ, ಮೇಲೊಂದು ತೊಲೆ, ಅಷ್ಟೇ. ಊರದೈವದ ಪೂಜೆ ನಡೆಯುವ ಮೂರು ದಿನ ಈ ಕಂಬಗಳಿಗೆ ಹುಲ್ಲಿನ ಹಗ್ಗ ಬಿಗಿದು ಊರು ಮುಚ್ಚುತ್ತಾರೆ. ಒಳಗಿದ್ದವರು ಹೊರಗೆ ಹೋಗುವಂತಿಲ್ಲ, ಹೊರಗಿದ್ದವರು ಒಳಗೆ ಬರುವಂತಿಲ್ಲ. ಹೊಳೆಯ ಕಡೆಯ ಬಾಗಿಲಿಗೆ ಮಾತ್ರ ಹಗ್ಗ ಕಟ್ಟುವುದಿಲ್ಲ. ಅದರ ಹೆಸರನ್ನು ನಮ್ಮ ಮಾತಿನಲ್ಲಿ ಹೇಳಿದರೆ ‘ಓಗೊಟ್ಟ ಬಾಗಿಲು’ ಎಂದಾಗುತ್ತದೆ.

ಹಿಂದೆ ನಾಲ್ಕು ಬಾಗಿಲಿಗೂ ಹಗ್ಗ ಬೀಳುತ್ತಿತ್ತು ಎನ್ನುತ್ತಾರೆ. ಅದು ಸಿಡುಬು ಕಣಿವೆಯ ಊರುಗಳನ್ನು ಒಂದೊಂದಾಗಿ ನುಂಗುತ್ತಿದ್ದ ಕಾಲ. ಊರು ಮುಚ್ಚಿದಾಗ ಹೊಳೆಯಿಂದ ಪೀಡೆ ಏಳುತ್ತದೆ, ನಮ್ಮವರದೇ ದನಿಯಲ್ಲಿ ಕೂಗುತ್ತದೆ, ಓಗೊಟ್ಟರೆ ಸಿಡುಬಾಗಿ ಒಳನುಗ್ಗುತ್ತದೆ ಎಂದು ಜನ ಹೆದರಿ ಸಾಯುತ್ತಿದ್ದರು. ಮಕ್ಕಳಾದವರನ್ನು ಮಗುವಿನ ಹೆಸರು ಸೇರಿಸಿ ಕರೆಯುವುದು ಅಲ್ಲಿನ ರೂಢಿ. ಹಾಗಾಗಿ ದೈವದ ಅರ್ಚಕನಿಗೆ ಪೋ ಸೇಂಗ್, ಎಂದರೆ ಸೇಂಗನ ಅಪ್ಪ, ಎಂಬ ಹೆಸರು. ಅವನ ತಂಗಿ ಮೇ ವಾನ್, ವಾನಳ ತಾಯಿ. ಆ ವರ್ಷ ತುಂಬು ಬಸುರಿ ವಾನ್, ಗಂಡನ ಅಪ್ಪ ಕಾಯಿಲೆಬಿದ್ದನೆಂದು ನೋಡಲು ಮೇಲಿನ ಊರಿಗೆ ಹೋಗಿದ್ದಳು. ಊರು ತೆರೆದ ಮೇಲೆಯೇ ಬರಬೇಕೆಂದು ಮಾತಾಗಿತ್ತು.

ಎರಡನೆಯ ದಿನ ಬೆಳಿಗ್ಗೆ ದಟ್ಟ ಮಂಜು. ಹೊಳೆಯ ಕಡೆಯಿಂದ ಕೂಗು ಕೇಳಿತು: “ಅಮ್ಮಾ, ನೋವು ತಡಿಯಕ್ಕಾಗ್ತಿಲ್ಲ, ಬಾರಮ್ಮಾ!” ಮನೆಮನೆಯಲ್ಲೂ ಏಣಿಗಳು ಮೇಲೆ ಸರಿದವು, ತಾಯಂದಿರು ಮಕ್ಕಳ ಕಿವಿ ಮುಚ್ಚಿದರು. ಮೇ ವಾನ್ ಮಾತ್ರ ಬಾಗಿಲಿಗೆ ಓಡಿದಳು. ಅಣ್ಣ ಹಗ್ಗಕ್ಕೆ ಅಡ್ಡನಿಂತ.

“ಅದು ನಿನ್ನ ಮಗಳಲ್ಲ ಕಣೇ! ಹೋದ ವರ್ಷ ಮುಚ್ಚಿದ ದಿನ ನನ್ನ ಸೇಂಗನ ದನಿಯಲ್ಲೂ ಹೀಗೇ ಕೂಗ್ತು. ಊರು ಮುಚ್ಚೋ ಮೊದ್ಲೇ ಮೀನಿಗೆ ಹೋಗಿದ್ದವನು ಹೊಳೆಪಾಲಾದ ದಿನ. ನಾನು ಓಗೊಟ್ಟೆನಾ? ಹಲ್ಲು ಕಚ್ಚಿ ಕೂತೆ. ಊರು ಉಳೀತು.”

ಮೇ ವಾನ್ ಸೊಂಟದ ಕುಡುಗೋಲಿಗೆ ಕೈ ಹಾಕಿ ತಡೆದಳು. ಊರಿನ ಅಷ್ಟೂ ಮಕ್ಕಳ ಜೀವ ಆ ಹಗ್ಗದಲ್ಲಿದೆ ಎಂದು ಅವಳೂ ನಂಬಿದ್ದಳು. ಅಷ್ಟರಲ್ಲಿ ಕೂಗು ನಿಂತಿತು. ಆ ಮೌನವನ್ನು ಅವಳಿಂದ ಸಹಿಸಲಾಗಲಿಲ್ಲ.

“ಪೀಡೆಯಾದ್ರೆ ನನ್ನನ್ನೇ ತಿನ್ನಲಿ ಅಣ್ಣಾ,” ಎಂದವಳೇ ಕುಡುಗೋಲಿನಿಂದ ಹಗ್ಗ ಕಡಿದು, “ಓ, ಬಂದೆ ಮಗಳೇ!” ಎಂದು ಕೂಗುತ್ತ ಮಂಜಿನೊಳಗೆ ಇಳಿದಳು.

ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಎಳೆಗೂಸಿನ ಅಳು. ಮರಳಿನ ಮೇಲೆ ವಾನ್ ಬಿದ್ದಿದ್ದಳು, ಬದುಕಿದ್ದಳು. ಎಣಿಸಿದ್ದಕ್ಕಿಂತ ಮೊದಲೇ ನೋವು ಕಾಣಿಸಿಕೊಂಡು, ತಾಯಿ ಬೇಕೆಂದು ತೆಪ್ಪದಲ್ಲಿ ಬಂದಿದ್ದಳಂತೆ.

ಅಳು ಕೇಳಿ ಇಳಿದು ಬಂದ ಪೋ ಸೇಂಗ್ ವಾನಳ ಕೈ ಮುಟ್ಟಿ ನೋಡಿದ. ಬೆಚ್ಚಗಿತ್ತು. ಮತ್ತೆ ಮತ್ತೆ ಮುಟ್ಟಿದ. “ಕೂಗಿದ್ದು ಇವಳೇ ಆಗಿದ್ರೆ, ಹೋದ ವರ್ಷ...” ಎಂದವನು ಹೊಳೆಯತ್ತ ತಿರುಗಿದ.

ಊರಿಗೆ ಸಿಡುಬು ಬರಲಿಲ್ಲ. ಪೋ ಸೇಂಗ್ ಬದುಕಿರುವವರೆಗೂ ಆ ಬಾಗಿಲಿಗೆ ಹಗ್ಗ ಕಟ್ಟಲು ಬಿಡಲಿಲ್ಲ.

ಇಂದಿಗೂ ಪೂಜೆಯ ಮೂರು ದಿನ ಅವನ ಮನೆತನದ ಹಿರಿಯರೊಬ್ಬರು ಅಲ್ಲಿ ಹೊಳೆಗೆ ಮುಖಮಾಡಿ ಕೂರುತ್ತಾರೆ. ಹಕ್ಕಿ ಕೂಗಲಿ, ಸರಕಿನ ದೋಣಿಯ ಹಾರ್ನ್ ಕೇಳಲಿ, “ಓ, ಬಂದೆ ಮಗನೇ!” ಎನ್ನುತ್ತಾರೆ. ನೋಡಲು ಬಂದವರು ಮೊದಲು ನಗುತ್ತಾರೆ. ಹಿರಿಯರು ಎದ್ದು, ನೀರಿನವರೆಗೂ ಇಳಿದು ನೋಡಿ ಬರುತ್ತಾರೆ, ಪ್ರತಿ ಸಲವೂ.