ಬಾಲಚುಕ್ಕಿ ಕಾಣದ ಸಂಜೆ

"ಅಜ್ಜಾ, ಎಲ್ಲರಿಗೂ ಕಂಡದ್ದು ಒಬ್ಬನಿಗೆ ಮಾತ್ರ ಕಾಣದಿದ್ದರೆ ಅವನು ಏನು ಮಾಡಬೇಕು?" ಎಂದು ಸೋಮಲಿಂಗ ಕೇಳಿದ.

ಮಠದ ಹಿರಿಯ ಸ್ವಾಮಿಗಳನ್ನು ಊರಿನವರೂ ಶಿಷ್ಯರೂ ಅಜ್ಜ ಎಂದೇ ಕರೆಯುತ್ತಿದ್ದರು. ಬೆಳಗಿನ ಪ್ರಸಾದ ಮುಗಿಸಿ ಅವರು ಜಗಲಿಯ ಮೇಲೆ ಕುಳಿತಿದ್ದರು.

"ಯಾರಪ್ಪಾ ಆ ಒಬ್ಬ?"

"ಯಾರೋ ಒಬ್ಬ ಅಂತ ಇಟ್ಟುಕೊಳ್ಳಿರಿ."

"ಇಟ್ಟುಕೊಂಡೆ," ಎಂದರು ಅಜ್ಜ.

ಹಿಂದಿನ ದಿನ ಅಜ್ಜ ಹಿರಿಯ ಶಿಷ್ಯರನ್ನೆಲ್ಲ ಸಾಲಾಗಿ ಕೂರಿಸಿ, ಧ್ಯಾನದಲ್ಲಿ ಏನು ಕಾಣುತ್ತದೆ ಎಂದು ಒಬ್ಬೊಬ್ಬರನ್ನೇ ಕೇಳಿದ್ದರು. ಹುಬ್ಬುಗಳ ನಡುವೆ ನೀಲಿ ಬೆಳಕು ಕಾಣುತ್ತದೆ ಎಂದು ಮೊದಲನೆಯವನು ಹೇಳಿದ. ಎರಡನೆಯವನೂ ಅದನ್ನೇ ಹೇಳಿದ. ತನ್ನ ಸರದಿ ಬಂದಾಗ ಸೋಮಲಿಂಗನೂ ಅದನ್ನೇ ಹೇಳಿದ. ಪೂರ್ತಿ ಸುಳ್ಳೇನೂ ಅಲ್ಲ. ಮಠಕ್ಕೆ ಬಂದ ಹೊಸದರಲ್ಲಿ ಅವನಿಗೆ ಆ ಬೆಳಕು ನಿಜವಾಗಿಯೂ ಕಂಡಿತ್ತು. ಆಮೇಲೆ ಕಂಡಿರಲಿಲ್ಲ, ಅಷ್ಟೆ.

ಎಲ್ಲರ ಮಾತು ಕೇಳಿ ಅಜ್ಜ "ಹೂಂ" ಎಂದು ಎದ್ದುಹೋಗಿದ್ದರು. ಸಂಜೆ ಅಪ್ಪಣೆಯಾಯಿತು. ಸೋಮಲಿಂಗ ನಾಳೆ ಮಧ್ಯಾಹ್ನದ ಬಸ್ಸಿಗೆ ಹೊಳೆಯಾಚೆಯ ಮಠಕ್ಕೆ ಹೋಗಬೇಕು, ಅಲ್ಲಿಯ ಜನಕ್ಕೆ ಧ್ಯಾನ ಕಲಿಸಬೇಕು. ಅವನಿಗೆ ಹೋಗುವ ಆಸೆ ಬಹಳ ಇತ್ತು. ಗಂಟು ಕಟ್ಟಿ ಬಾಗಿಲ ಬಳಿ ಇಟ್ಟೂ ಆಗಿತ್ತು. ಆದರೆ ಅಲ್ಲಿ ಯಾರಾದರೂ ಕಣ್ಣು ಮುಚ್ಚಿ ಕುಳಿತು, "ಈಗ ಏನು ಕಾಣಬೇಕು?" ಎಂದು ಕೇಳಿದರೆ? ಆ ಯೋಚನೆಯಲ್ಲೇ ಅವನಿಗೆ ಬೆಳಗಾಗಿತ್ತು.

"ಕೂತುಕೋ, ಬಸ್ಸಿಗೆ ಇನ್ನೂ ಹೊತ್ತಿದೆ," ಎಂದು ಅಜ್ಜ ಕತೆ ಶುರುಮಾಡಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಹಗಲು ಕಂಬಳಿ ಮಾರುವುದು, ಸಂಜೆ ಆಕಾಶ ನೋಡುವುದು. ಹುಚ್ಚು ಹಿಡಿದರೆ ಹೀಗೇ ಹಿಡಿಯಬೇಕು ನೋಡು! ಗಾಜಿನ ಬಿಲ್ಲೆಯೊಂದನ್ನು ಕೈಯಾರೆ ಉಜ್ಜಿ ಉಜ್ಜಿ ಕನ್ನಡಿ ಮಾಡಿ, ಕೊಳವೆಯಲ್ಲಿ ಕೂರಿಸಿ, ದೊಡ್ಡದೊಂದು ದುರ್ಬೀನು ಮಾಡಿಕೊಂಡಿದ್ದ. ಅದರಲ್ಲಿ ಅವನು ನೋಡುತ್ತಿದ್ದದ್ದು ಧೂಮಕೇತುಗಳನ್ನು. ನಮ್ಮ ಜನ ಬಾಲಚುಕ್ಕಿ ಅನ್ನುತ್ತಾರಲ್ಲ, ಅದು.

ಬಾಲಚುಕ್ಕಿ ಎಂದರೆ ಆಕಾಶದ ತುಂಬ ಬಾಲ ಬೀಸಿಕೊಂಡು ಬರುತ್ತದೆ ಎಂದು ನೀನು ತಿಳಿದಿರಬಹುದು. ಅಂಥದ್ದು ಬರುವುದು ಅಪರೂಪ. ದುರ್ಬೀನಿನಲ್ಲಿ ಕಾಣುವವು ಬಹುಪಾಲು ಕರಿಹಲಗೆಯ ಮೇಲೆ ಒರೆಸಿಬಿಟ್ಟ ಸೀಮೆಸುಣ್ಣದ ಗುರುತಿನಷ್ಟೇ ಇರುತ್ತವೆ. ಕಣ್ಣು ಕತ್ತಲೆಗೆ ಹೊಂದುವ ತನಕ ಸುಮ್ಮನೆ ಕೂತಿರಬೇಕು. ಆಮೇಲೂ ನೆಟ್ಟು ನೋಡಿದರೆ ಮಾಯವಾಗುತ್ತವೆ. ತುಸು ಪಕ್ಕಕ್ಕೆ ದೃಷ್ಟಿ ಇಟ್ಟರೆ ಕಾಣುತ್ತವೆ.

ವ್ಯಾಪಾರಿಗೆ ಜೊತೆಗಾರರಿದ್ದರು. ಒಬ್ಬ ದರ್ಜಿ, ಒಬ್ಬ ಗಡಿಯಾರ ರಿಪೇರಿಯವನು, ಒಬ್ಬರು ಮೇಷ್ಟರು. ಹೊತ್ತು ಮುಳುಗಿದ ಮೇಲೆ ಎಲ್ಲರೂ ಊರ ಹೊರಗಿನ ಬಂಡೆಯ ಮೇಲೆ ಸೇರುತ್ತಿದ್ದರು. ಅವರಲ್ಲೊಂದು ಕಟ್ಟಳೆ ಇತ್ತು. ದುರ್ಬೀನಿಗೆ ಕಣ್ಣಿಟ್ಟವನು ಬಾಯಿ ಬಿಡಬಾರದು. ಕಂಡದ್ದನ್ನು ಕಾಗದದ ಮೇಲೆ ಚಿತ್ರ ಬರೆದು, ಬೋರಲು ಹಾಕಿ, ಮೇಲೊಂದು ಕಲ್ಲಿಡಬೇಕು. ಎಲ್ಲರದೂ ಆದಮೇಲೆ ಕಾಗದಗಳನ್ನು ತಿರುಗಿಸಿ ನೋಡಬೇಕು. ಒಬ್ಬನ ಕಣ್ಣು ಇನ್ನೊಬ್ಬನ ಕಣ್ಣಿಗೆ ಸಾಕ್ಷಿಯಾಗಲಿ, ಯಜಮಾನನಾಗುವುದು ಬೇಡ ಎಂದು ಹೀಗೆ ಮಾಡಿಕೊಂಡಿದ್ದರು. ಮೊದಲ ನೋಟ ಮಾತ್ರ ಯಾವಾಗಲೂ ವ್ಯಾಪಾರಿಯದು. ಸಾಹುಕಾರರಿಗೆ ಕಂಡರೆ ಅದು ಉಂಟು, ಕಾಣದಿದ್ದರೆ ಇಲ್ಲ ಎನ್ನುವಷ್ಟು ಅವನ ಕಣ್ಣಿನ ಮೇಲೆ ಅವರಿಗೆ ನಂಬಿಕೆ.

ಒಂದು ವರ್ಷ ಒಂದು ಬಾಲಚುಕ್ಕಿ ಬಂತು. ಎಲ್ಲರೂ ನೋಡಿದರು, ಎಲ್ಲರೂ ಬರೆದರು. ಕಾಗದ ತಿರುಗಿಸಿದರೆ ಒಬ್ಬರದು ಒಬ್ಬರಿಗೆ ಹೊಂದದು. ಬಾಲ ಇಷ್ಟುದ್ದ ಇದೆ ಎಂದು ದರ್ಜಿ, ಇಲ್ಲವೇ ಇಲ್ಲ ಎಂದು ಮೇಷ್ಟರು. "ನೀನು ಬಟ್ಟೆಯನ್ನು ಗಿಡ್ಡ ಮಾಡಿ ಮಾಡಿ, ಉಳಿದದ್ದನ್ನೆಲ್ಲ ಬಾಲಕ್ಕೆ ಹೊಲಿಯುತ್ತೀಯ" ಎಂದು ಮೇಷ್ಟರು ದರ್ಜಿಯನ್ನು ಹಂಗಿಸುವರು. ಹೀಗೆ ನಕ್ಕು, ಜಗಳಾಡಿ, ತಡವಾಗಿ ಮನೆ ಸೇರುವರು.

ಬಾಲಚುಕ್ಕಿ ಸೂರ್ಯನ ಹತ್ತಿರ ಹೋಗುತ್ತಿದೆ, ಇನ್ನು ದಿನದಿನಕ್ಕೂ ಬೆಳಗುತ್ತದೆ ಎಂದು ಬಲ್ಲವರು ಲೆಕ್ಕ ಹಾಕಿ ಹೇಳಿದ್ದರು. ಯಾವ ಸಂಜೆ ಯಾವ ನಕ್ಷತ್ರದ ಪಕ್ಕ ಇರುತ್ತದೆ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಬಾಲ ಯಾವಾಗಲೂ ಸೂರ್ಯನಿಗೆ ಬೆನ್ನು ಮಾಡಿರುತ್ತದೆ ಎಂಬುದಂತೂ ಹಳೆಯ ಪಾಠ.

ಆದರೆ ಅದು ಬೆಳಗುವ ಬದಲು ಮಂಕಾಗುತ್ತ ಬಂತು. ಒಂದು ಸಂಜೆ ವ್ಯಾಪಾರಿ ಕಣ್ಣಿಟ್ಟು ನೋಡಿದ. ಇರಬೇಕಾದ ಜಾಗದಲ್ಲಿ ಅದು ಇರಲಿಲ್ಲ. ಕಣ್ಣು ಮುಚ್ಚಿ ತೆರೆದ. ಪಕ್ಕಕ್ಕೆ ದೃಷ್ಟಿ ಇಟ್ಟ. ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದ, ಮಂಕಾದದ್ದು ಅಲುಗಿದರೆ ಕಣ್ಣಿಗೆ ಬೇಗ ಸಿಗುತ್ತದೆ. ಏನೂ ಸಿಗಲಿಲ್ಲ. ಬರೀ ನಕ್ಷತ್ರಗಳು.

ಅವನಿಗೆ ಹೆದರಿಕೆ ಹತ್ತಿತು. ಬಾಲಚುಕ್ಕಿಗೆ ಏನಾಯಿತೋ ಎಂದಲ್ಲ, ತನ್ನ ಕಣ್ಣಿಗೆ ಏನಾಯಿತೋ ಎಂದು. ತಲೆ ಆಗಲೇ ನೆರೆತಿತ್ತು. ಹಿಂದೆ ನಿಂತ ಮೂವರಿಗೂ ಈಗ ಅದು ಕಾಣುತ್ತದೆ, ಕಾಗದ ತಿರುಗಿಸಿದಾಗ ತನ್ನದೊಂದೇ ಖಾಲಿ ಇರುತ್ತದೆ, ಸಾಹುಕಾರರ ಕಣ್ಣು ಹೋಯಿತು ಎಂದು ನಾಳೆ ಊರೆಲ್ಲ ಮಾತಾಡುತ್ತದೆ. ಅವನು ಕಾಗದ ತೆಗೆದುಕೊಂಡು ಬಾಲಚುಕ್ಕಿ ಬರೆದ. ಸುಳ್ಳು ಹೇಳಬೇಕು ಎಂದು ಬರೆಯಲಿಲ್ಲ. ಮೊದಲು ಕಂಡಿತ್ತಲ್ಲ, ಆ ಧೈರ್ಯದ ಮೇಲೆ ಬರೆದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸೋಮಲಿಂಗ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ. ಅಜ್ಜ ಅದನ್ನು ನೋಡಿದರೋ ಇಲ್ಲವೋ, ಕತೆ ಮುಂದುವರಿಸಿದರು.

ಉಳಿದವರೂ ನೋಡಿದರು, ಬರೆದರು, ಕಲ್ಲಿಟ್ಟರು. ಕಾಗದ ತಿರುಗಿಸಿದರೆ ಏನಾಶ್ಚರ್ಯ! ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿವೆ. ಅದೇ ಜಾಗ, ಅದೇ ಬಾಲ, ಸೂರ್ಯನಿಗೆ ಅದೇ ಬೆನ್ನು. "ನಮ್ಮೆಲ್ಲರ ಕಣ್ಣೂ ಈಗ ಪಳಗಿದವು" ಎಂದು ಹಿಗ್ಗಿದರು. ಅವತ್ತು ಜಗಳವಿಲ್ಲದೆ ಮನೆಗೆ ಹೋದರು. "ಇವತ್ತೇನು ಇಷ್ಟು ಬೇಗ?" ಎಂದು ವ್ಯಾಪಾರಿಯ ಹೆಂಡತಿ ಕೇಳಿದಳು.

ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ದಿನದಿನಕ್ಕೂ ಬೆಳಗುತ್ತದೆ ಎಂದು ಬಲ್ಲವರು ಹೇಳಿದ್ದರಲ್ಲ, ಇವರೂ ದಿನಕ್ಕಿಷ್ಟು ಹೆಚ್ಚಿಸಿ ಬರೆದರು. ಆಕಾಶದಲ್ಲಿ ಇಲ್ಲದ ಬಾಲಚುಕ್ಕಿ ಇವರ ಕಾಗದದಲ್ಲಿ ಕೊಬ್ಬುತ್ತ ಹೋಯಿತು.

ಸೋಮಲಿಂಗ ನಕ್ಕ. ಅಜ್ಜ ನಗಲಿಲ್ಲ. ಸೋಮಲಿಂಗನ ನಗು ಅರ್ಧಕ್ಕೇ ನಿಂತಿತು.

ಕೆಲವು ದಿನಗಳಾದ ಮೇಲೆ ದೂರದ ವೀಕ್ಷಣಾಲಯದ ವಿದ್ವಾಂಸರೊಬ್ಬರು ವ್ಯಾಪಾರಿಗೆ ಫೋನು ಮಾಡಿದರು. "ಆ ಧೂಮಕೇತು ಒಡೆದು ಪುಡಿಯಾಗಿಹೋಗಿದೆ. ನಮಗೆ ಈಗ ಗೊತ್ತಾಯಿತು. ನಮ್ಮಲ್ಲೂ, ನಮಗೆ ಸುದ್ದಿ ಕೊಡುವ ಬೇರೆ ಊರುಗಳಲ್ಲೂ ಇಷ್ಟು ದಿನ ಮೋಡ. ಆಕಾಶ ತೆರೆದಿದ್ದದ್ದು ನಿಮ್ಮಲ್ಲಿ ಮಾತ್ರ. ಯಾವತ್ತು ಒಡೆಯಿತು ಎಂದು ಗೊತ್ತಾದರೆ ಯಾಕೆ ಒಡೆಯಿತು ಎಂಬುದನ್ನೂ ಹಿಡಿಯಬಹುದು. ಕಂಡಿತು ಎನ್ನುವವರು ನಮಗೆ ಬೇಕಾದಷ್ಟು ಜನ ಇದ್ದಾರೆ. ನಿಮಗೆ ಯಾವತ್ತಿನಿಂದ ಕಾಣಲಿಲ್ಲ, ಅಷ್ಟು ಹೇಳಿ ಸಾಕು."

"ಕೇಳಿ ಹೇಳುತ್ತೇನೆ" ಎಂದು ವ್ಯಾಪಾರಿ ಫೋನು ಇಟ್ಟ. ಚಪ್ಪಲಿಯನ್ನೂ ಮೆಟ್ಟದೆ ದರ್ಜಿಯ ಅಂಗಡಿಗೆ ಓಡಿದ.

"ನಿಜ ಹೇಳು, ನಿನಗೆ ಕಂಡಿತ್ತೇ?"

ದರ್ಜಿ ಕತ್ತರಿ ಕೆಳಗಿಟ್ಟ. "ನಿಮಗೆ ಕಂಡಿರುವಾಗ ನನಗೆ ಕಾಣಲಿಲ್ಲ ಅಂತ ಹೇಗೆ ಹೇಳಲಿ ಸಾಹುಕಾರರೇ?"

"ಅಯ್ಯೋ ತಮ್ಮಾ! ನಿಮಗೆಲ್ಲ ಕಾಣುತ್ತದೆ ಎಂದುಕೊಂಡೇ ನಾನು ಬರೆದೆ."

ಮೇಷ್ಟರದೂ ಅದೇ ಕತೆ, ಗಡಿಯಾರದವನದೂ ಅದೇ ಕತೆ. ಎಲ್ಲರೂ ಗುಂಪಿನಲ್ಲಿ ಗೋವಿಂದ. ಪಕ್ಕದವನ ಕಾಗದವನ್ನು ಯಾರೂ ಇಣುಕಿ ನೋಡಿರಲಿಲ್ಲ, ಕಟ್ಟಳೆ ಮುರಿದಿರಲಿಲ್ಲ. ಪಕ್ಕದವನು ಏನು ಬರೆಯಬಹುದು ಎಂದು ಮನಸ್ಸಿನಲ್ಲೇ ಇಣುಕಿ ನೋಡಿದ್ದರು. ಅದಕ್ಕೆ ಯಾವ ಕಲ್ಲು ಹೇರಿದರೆ ತಾನೇ ತಡೆಯುತ್ತದೆ?

ಆದದ್ದಾಯಿತು, ಈಗಲಾದರೂ ನಿಜ ಹೇಳೋಣ ಎಂದು ಕಾಗದಗಳನ್ನೆಲ್ಲ ಹರಡಿಕೊಂಡು ಕೂತರು. ಕೊನೆಯ ಸಲ ಕಣ್ಣಾರೆ ಕಂಡ ಸಂಜೆ ಯಾವುದು? ಇದು ಎಂದ ಒಬ್ಬ. ಅಲ್ಲ, ಅವತ್ತಿಗಾಗಲೇ ಇರಲಿಲ್ಲ ಎಂದ ಇನ್ನೊಬ್ಬ. ಇರಬಹುದು ಎಂದ ಮತ್ತೊಬ್ಬ. ಅದು ಮಂಕಾಗತೊಡಗಿದ ದಿನಗಳಿಂದಲೇ ಒಬ್ಬೊಬ್ಬರೂ ಕಂಡದ್ದಕ್ಕೆ ಊಹೆ ಬೆರೆಸುತ್ತ ಬಂದಿದ್ದರು. ಕಂಡು ಬರೆದದ್ದು ಯಾವುದು, ಕಾಣದೆ ಬರೆದದ್ದು ಯಾವುದು ಎಂದು ಅವರಿಗೇ ಗುರುತು ಸಿಗಲಿಲ್ಲ. ಕಾಣದ ಸಂಜೆಯನ್ನು ಮುಚ್ಚಿಡಲು ಹೋಗಿ ಕಂಡ ಸಂಜೆಗಳನ್ನೂ ಕಳೆದುಕೊಂಡರು. ನಮಗೆ ಗೊತ್ತಿಲ್ಲ ಎಂದು ವಿದ್ವಾಂಸರಿಗೆ ತಿಳಿಸಬೇಕಾಯಿತು.

ವ್ಯಾಪಾರಿ ಬಂಡೆಯ ಮೇಲೆ ಕೂತು ಅತ್ತುಬಿಟ್ಟ. ಅವನ ಕಣ್ಣಿಗೆ ಏನೂ ಆಗಿರಲಿಲ್ಲ. ಅಷ್ಟು ದಿನವೂ ಪಾಪ, ಅದು ಅವನಿಗೆ ನಿಜವನ್ನೇ ಹೇಳುತ್ತಿತ್ತು.

ಅಜ್ಜ ಇಷ್ಟಕ್ಕೆ ಕತೆ ನಿಲ್ಲಿಸಿದರು. ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು ಎನ್ನಬೇಕೋ ಬೇಡವೋ ಸೋಮಲಿಂಗನಿಗೆ ತಿಳಿಯಲಿಲ್ಲ.

"ಒಳ್ಳೆಯ ಕತೆ ಅಜ್ಜಾ. ಆ ಒಬ್ಬನಿಗೆ ಹೇಳುತ್ತೇನೆ," ಎಂದು ಎದ್ದು, ಅಜ್ಜನ ಪಾದ ಮುಟ್ಟಿದ. ಬಾಗಿಲ ಬಳಿ ಹೋಗಿ ಗಂಟಿಗೆ ಕೈ ಹಾಕಿದ.

"ಸೋಮಲಿಂಗಾ," ಎಂದರು ಅಜ್ಜ, "ನಿನಗೆ ಯಾವತ್ತಿನಿಂದ ಕಾಣಲಿಲ್ಲ, ಅಷ್ಟು ಹೇಳಿ ಹೋಗು."

ಸೋಮಲಿಂಗ ಗಂಟನ್ನು ಅಲ್ಲೇ ಬಿಟ್ಟು, ಹಿಂದಿರುಗಿ ಬಂದು ಅಜ್ಜನ ಎದುರು ಕುಳಿತ.