ಜನರೇಟರ್ ಮೇಲಿನ ನೋಟೀಸು

ವಿಶ್ವವಿದ್ಯಾಲಯದ ಇಂಧನ ತಂತ್ರಜ್ಞಾನ ವಿಭಾಗದಲ್ಲಿ ಸಂಶೋಧಕರ ಹುದ್ದೆಯೊಂದು ಖಾಲಿಯಾಯಿತು. ಅದು ತಮ್ಮ ಅಳಿಯನಿಗೇ ಎಂದು ಮುಖ್ಯಸ್ಥ ವಿರೂಪಾಕ್ಷಯ್ಯನವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. ಗುಮಾಸ್ತ ತಿಪ್ಪೇಶಪ್ಪನನ್ನು ಕರೆದು ಗುಡುಗಿದರು: "ನೋಟೀಸು ಅಂಟಿಸಲೇಬೇಕು, ಅದು ನಿಯಮ. ಆದರೆ ಒಂದು ನರಪಿಳ್ಳೆಯ ಕಣ್ಣಿಗೂ ಬೀಳಕೂಡದು. ಬಿತ್ತೋ, ನಿನ್ನ ಕೆಲಸ ಹೋಯ್ತು!"

"ಆಗಲಿ ಸಾರ್" ಎಂದ ತಿಪ್ಪೇಶಪ್ಪ ಹೋಗಿ ಅಂಟಿಸಿ ಬಂದ.

ಕೊನೆಯ ದಿನ ನೋಡಿದರೆ, ಅಳಿಯನ ಅರ್ಜಿಯ ಜೊತೆ ಇನ್ನೂ ಅರವತ್ಮೂರು ಅರ್ಜಿ! ವಿರೂಪಾಕ್ಷಯ್ಯನವರಿಗೆ ಸಿಡಿಲು ಬಡಿದಂತಾಯಿತು.

"ಎಲ್ಲಿ ಅಂಟಿಸಿದೆಯೋ ಪುಣ್ಯಾತ್ಮ?"

"ಜನರೇಟರ್ ಮೇಲೆ ಸಾರ್."

"ಅಯ್ಯಯ್ಯೋ! ಇಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗುತ್ತೆ. ಹೋದಾಗಲೆಲ್ಲ ಹುಡುಗರು ಅಲ್ಲಿಗೇ ಓಡ್ತಾರಲ್ಲೋ!"

"ನನಗೇನು ಗೊತ್ತು ಸಾರ್? ತಾವು ಕಂಡುಹಿಡಿದ ಸೋಲಾರ್ ಯಂತ್ರ ಬಂದಮೇಲೆ ಮೂರು ವರ್ಷದಿಂದ ಜನರೇಟರ್ ಹತ್ತಿರ ಯಾರೂ ಸುಳಿದಿಲ್ಲ ಅಂತ ಕುಲಪತಿಗಳಿಗೆ ವರದಿ ಬರೆದವರು ತಾವೇ. ಟೈಪು ಮಾಡಿದವನು ನಾನು. ನಂಬಿಬಿಟ್ಟೆ."

ವಿರೂಪಾಕ್ಷಯ್ಯನವರು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ತಲೆಯ ಮೇಲಿನ ಫ್ಯಾನು ನಿಂತಿತು.

ತಿಪ್ಪೇಶಪ್ಪ ಕೈಕಟ್ಟಿ ಕೇಳಿದ: "ಜನರೇಟರ್ ಹಾಕಿಸಲೋ ಸಾರ್, ಇಲ್ಲಾ ತಮ್ಮ ಯಂತ್ರಾನೇ ಹಾಕಿಸಲೋ?"